ಗಾಲಿಯೂ ಗಾಳಿಯೂ

ಮಾನವನ ನಾಗರಿಕತೆಯ ಬೆಳವಣಿಗೆಯಲ್ಲಿ ಚಕ್ರಕ್ಕೆ ಹಿರಿದಾದ ಸ್ಥಾನವಿದೆ. ಐದು ಸಾವಿರ ವರ್ಷಗಳಿಗೂ ಹಿಂದೆಯೇ ಚಕ್ರವನ್ನು ಬಳಸಲು ಕಲಿತ ಮನುಷ್ಯನು, ಅದುವರೆಗೆ ಹೊತ್ತೋ ಎಳೆದೋ ಸಾಗಿಸುತ್ತಿದ್ದ ಭಾರವನ್ನು ಉರುಳಿಸಿಕೊಂಡು ಹೋಗತೊಡಗಿದನು. ನೆಲದೊಡನೆ ನಡೆಯುತ್ತಿದ್ದ ಘರ್ಷಣೆ ತಗ್ಗಿತು, ದೂರ ಹತ್ತಿರವಾಯಿತು. ಆದರೆ ಚಕ್ರದಿಂದ ದೊರೆತ ಈ ವರದ ಜೊತೆಗೆ ಒಂದು ತೊಡಕೂ ಬಂದಿತು. ದಾರಿಯ ಉಬ್ಬುತಗ್ಗುಗಳೆಲ್ಲ ಚಕ್ರದ ಮೂಲಕ ಬಂಡಿಗೆ, ಬಂಡಿಯ ಮೂಲಕ ಅದರಲ್ಲಿ ಕುಳಿತವನ ಮೈಗೆ ಏರಿಬಂದವು. ಈ ಕುಲುಕಾಟವನ್ನು ತಗ್ಗಿಸುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಹುಡುಕುವ ಯತ್ನವು ಎತ್ತಿನ ಬಂಡಿಯ ಕಾಲದಿಂದ ಇಂದಿನ ಮೋಟಾರು ವಾಹನಗಳ ಕಾಲದವರೆಗೂ ನಡೆದುಬಂದಿದೆ.

ಎತ್ತಿನ ಬಂಡಿಯ ಗಾಲಿ ಬಹು ದೊಡ್ಡದು. ಅದರ ಮರದ ಬಳೆಯ ಸುತ್ತ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ತೊಡಿಸಿರುತ್ತಾರೆ. ಪಟ್ಟಿ ಗಟ್ಟಿಯಾದುದರಿಂದ ಅದು ಕಲ್ಲಿನ ಮೇಲೆ ಹತ್ತಿದಾಗ ಸ್ವಲ್ಪವೂ ಬಾಗದು. ಹತ್ತಿದಷ್ಟು ಎತ್ತರಕ್ಕೆ ಬಂಡಿಯೂ ಏಳಲೇಬೇಕು. ಹಾಗಿದ್ದರೂ ಬಡಗಿಯು ಗಾಲಿಯನ್ನು ದೊಡ್ಡದಾಗಿ ಮಾಡಿದುದರಲ್ಲಿ ಜಾಣ್ಮೆಯಿದೆ. ದೊಡ್ಡ ಗಾಲಿಯು ಹಳ್ಳದೊಳಕ್ಕೆ ಅಷ್ಟಾಗಿ ಇಳಿಯುವುದಿಲ್ಲ. ಅದರ ಬಾಯಿಯನ್ನು ದಾಟಿಕೊಂಡು ಹೋಗುತ್ತದೆ. ಆದರೆ ನಿಧಾನವಾಗಿ ಸಾಗುವ ಬಂಡಿಗೆ ಒಗ್ಗಿದ ಈ ಉಪಾಯವೊಂದೇ ವೇಗದ ವಾಹನಕ್ಕೆ ಸಾಲದು. ವೇಗ ಹೆಚ್ಚಿದಂತೆಲ್ಲ ಅದೇ ಕಲ್ಲು ಕೊಡುವ ಪೆಟ್ಟೂ ಬಲವಾಗುತ್ತದೆ.

ಗಟ್ಟಿ ವಸ್ತುವಿನ ಬದಲು ಗಾಳಿಯ ಮೇಲೆ ವಾಹನವನ್ನು ನಿಲ್ಲಿಸಬಹುದೆಂಬ ಕಲ್ಪನೆ ಮೊದಲು ಹೊಳೆದುದು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬಾತನಿಗೆ. 1845ರಲ್ಲಿ ಆತನು ಗಾಳಿ ತುಂಬಿದ ಚಕ್ರಕ್ಕೆ ಸನ್ನದು ಪಡೆದನು. ಆಗ ಕುದುರೆಗಾಡಿಗಳ ಕಾಲ. ರಬ್ಬರಿನ ಬೆಲೆಯೂ ಹೆಚ್ಚು. ಆದುದರಿಂದ ಆ ಕಲ್ಪನೆ ಬಹುಬೇಗ ಮರೆತುಹೋಯಿತು. ನಾಲ್ಕು ದಶಕಗಳ ಅನಂತರ, ಬೆಲ್‌ಫಾಸ್ಟ್ ನಗರದಲ್ಲಿ ಪಶುವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ಎಂಬಾತನು ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಗಾಳಿ ತುಂಬಿದ ರಬ್ಬರು ಕೊಳವೆಯನ್ನು ಸಿದ್ಧಪಡಿಸಿದನು. 1888ರಲ್ಲಿ ಆತನಿಗೂ ಸನ್ನದು ದೊರೆಯಿತು. ಥಾಮ್ಸನ್ನನ ಹಳೆಯ ಸನ್ನದು ಬೆಳಕಿಗೆ ಬಂದ ಮೇಲೆ ಅದು ಅಸಿಂಧುವಾಯಿತೆಂಬುದು ಬೇರೆ ಮಾತು. 1891ರಲ್ಲಿ ಫ್ರಾನ್ಸಿನ ಮಿಶಲಿನ್ ಸೋದರರು ಸುಲಭವಾಗಿ ಕಳಚಿ ತೊಡಿಸಬಹುದಾದ ಟೈರನ್ನು ರೂಪಿಸಿದರು. ಅವರು 1895ರಲ್ಲಿ ಪ್ಯಾರಿಸ್‌ನಿಂದ ಬೋರ್ಡೋವರೆಗೆ ಹೋಗಿ ಮರಳುವ ಸ್ಪರ್ಧೆಯಲ್ಲಿ ಗಾಳಿ ಟೈರುಗಳ ಮೋಟಾರನ್ನು ಓಡಿಸಿ ತೋರಿಸಿದರು. ಅಲ್ಲಿಂದ ಮುಂದೆ ಗಾಲಿಗೂ ಗಾಳಿಗೂ ಬಿಡಿಸಲಾಗದ ನಂಟು ಬೆಳೆಯಿತು.

ಟೈರಿನ ಗುಣವನ್ನು ಅರಿಯಲು ಪಿಕಪ್ ಟ್ರಕ್ಕು ಬಹು ಒಳ್ಳೆಯ ನಿದರ್ಶನ. ಮುಂದೆ ಚಾಲಕನ ಕೋಣೆ, ಹಿಂದೆ ಸರಕು ಹೇರಲು ತೆರೆದ ತೊಟ್ಟಿ. ಇದೇ ಪಿಕಪ್ಪಿನ ರೂಪ. ಅಮೆರಿಕದ ಫೋರ್ಡ್ ಸಂಸ್ಥೆಯು 1925ರಲ್ಲಿ ತನ್ನ ಹೆಸರಾಂತ ಮಾಡೆಲ್ ಟಿ ಕಾರಿಗೆ ಕಾರ್ಖಾನೆಯಲ್ಲಿಯೇ ಸರಕಿನ ತೊಟ್ಟಿಯನ್ನು ಜೋಡಿಸಿ ಮಾರತೊಡಗಿತು. ಅದಕ್ಕೆ ಮುಂಚೆ ರೈತರು ಹಳೆಯ ಕಾರುಗಳ ಹಿಂಭಾಗವನ್ನು ಕತ್ತರಿಸಿ ತಾವೇ ತೊಟ್ಟಿಯನ್ನು ಕೂರಿಸಿಕೊಳ್ಳುತ್ತಿದ್ದುದುಂಟು. ಇಂದು ಅಮೆರಿಕದಲ್ಲಿ ಪಿಕಪ್ಪು ಹೊಲದ ಕೆಲಸಕ್ಕೂ ಮನೆಯವರ ಪ್ರಯಾಣಕ್ಕೂ ಒದಗುವ ವಾಹನ. ಕರ್ನಾಟಕದಲ್ಲಿ ಅದು ಹೆಚ್ಚಾಗಿ ದುಡಿಮೆಯ ಬಂಡಿ. ಕೋಲಾರದ ಮಾರುಕಟ್ಟೆಗೆ ಟೊಮೇಟೊ ಹಣ್ಣುಗಳನ್ನು ತರುವ ವಾಹನಗಳಲ್ಲಿ ಪಿಕಪ್ಪುಗಳು ಅನೇಕ. ಹೀಗೆ ಒಮ್ಮೆ ಖಾಲಿಯಾಗಿ, ಮತ್ತೊಮ್ಮೆ ತುಂಬಿದ ಹೊರೆಯೊಡನೆ ಓಡಬೇಕಾದ ವಾಹನದಲ್ಲಿ ಪ್ರಯಾಣವನ್ನು ಸುಖಕರವಾಗಿಸುವುದು ಸುಲಭದ ಕೆಲಸವಲ್ಲ.

ರಸ್ತೆಯ ಪೆಟ್ಟು ಚಾಲಕನನ್ನು ಮುಟ್ಟುವ ಮುನ್ನ ಮೂರು ಬಾಗಿಲುಗಳನ್ನು ದಾಟಬೇಕು. ಮೊದಲನೆಯದು ಟೈರು, ಎರಡನೆಯದು ಸ್ಪ್ರಿಂಗು, ಮೂರನೆಯದು ಆಸನದ ಮೆತ್ತೆ. ಸ್ಪ್ರಿಂಗಿನ ಜೊತೆಯಲ್ಲಿಯೇ ಆಘಾತಶಾಮಕವೆಂಬ ಎಣ್ಣೆ ತುಂಬಿದ ಕೊಳವೆಯಿರುತ್ತದೆ. ಒಮ್ಮೆ ಕುಗ್ಗಿದ ಸ್ಪ್ರಿಂಗು ಜೋಕಾಲಿಯಂತೆ ಏರಿಳಿಯುತ್ತಲೇ ಇರದಂತೆ ಅದು ತಡೆಯುತ್ತದೆ. ಸ್ಪ್ರಿಂಗು ದೊಡ್ಡ ಉಬ್ಬುತಗ್ಗುಗಳನ್ನು ನುಂಗಿಕೊಳ್ಳಬಲ್ಲುದು. ಆದರೆ ಸಣ್ಣ ಜಲ್ಲಿ, ಟಾರಿನ ಬಿರುಕು, ಸೇತುವೆಯ ಸಂದು ಮುಂತಾದವು ಕ್ಷಣಮಾತ್ರದಲ್ಲಿ ಚಕ್ರದಡಿ ಹಾಯ್ದುಹೋಗುತ್ತವೆ. ಇವುಗಳನ್ನು ಅಡಗಿಸುವ ಹೊಣೆ ಬಹುಮಟ್ಟಿಗೆ ಟೈರಿನದು. ಜಲ್ಲಿಕಲ್ಲಿನ ಮೇಲೆ ಹಾಯುವಾಗ ಟೈರು ಅದನ್ನು ಹತ್ತುವುದಿಲ್ಲ. ತನ್ನ ಮೈಯನ್ನು ಒಳಕ್ಕೆ ಬಾಗಿಸಿ ಕಲ್ಲನ್ನು ತಬ್ಬಿಕೊಂಡು ಮುಂದೆ ಸಾಗುತ್ತದೆ. ಹೀಗೆ ಬಾಗಲು ಟೈರಿನ ಪಕ್ಕದ ಗೋಡೆಗೆ ಸಾಕಷ್ಟು ಎತ್ತರವಿರಬೇಕು. ಚಕ್ರದ ಗಾತ್ರವು ಪ್ರಯಾಣದ ಸುಖವನ್ನು ನಿರ್ಧರಿಸುವುದು ಮುಖ್ಯವಾಗಿ ಈ ಬಗೆಯಲ್ಲಿ.

ಟೈರಿನ ಗಾತ್ರವನ್ನು ಅದರ ಪಕ್ಕದಲ್ಲಿಯೇ ಅಚ್ಚು ಹಾಕಿರುತ್ತಾರೆ. ಉದಾಹರಣೆಗೆ, 265/70 ಆರ್ 17 ಎಂಬ ಗುರುತನ್ನು ತೆಗೆದುಕೊಳ್ಳಬಹುದು. ಇದರಲ್ಲಿ 265 ಎಂಬುದು ಟೈರಿನ ಅಗಲ; ಇದನ್ನು ಮಿಲಿಮೀಟರುಗಳಲ್ಲಿ ಹೇಳುವುದು ವಾಡಿಕೆ. 70 ಎಂದರೆ ಪಕ್ಕದ ಗೋಡೆಯ ಎತ್ತರವು ಅಗಲದ ನೂರಕ್ಕೆ 70ರಷ್ಟು ಎಂದರ್ಥ. ‘ಆರ್’ ಎಂಬ ಅಕ್ಷರವು ಟೈರಿನ ಒಳಗಿನ ನೂಲುಗಳು ಅಂಚಿನಿಂದ ಅಂಚಿಗೆ ನೇರವಾಗಿ ಹಾಯ್ದಿವೆ, ಅಂದರೆ ಅದು ರೇಡಿಯಲ್ ಟೈರು, ಎಂಬುದನ್ನು ತಿಳಿಸುತ್ತದೆ. 1946ರಲ್ಲಿ ಮಿಶಲಿನ್ ಸಂಸ್ಥೆ ಸನ್ನದು ಪಡೆದ ಈ ರಚನೆಯಲ್ಲಿ ಪಕ್ಕದ ಗೋಡೆಯು ಹಿಂದಿನ ಅಡ್ಡನೂಲಿನ ಟೈರುಗಳಿಗಿಂತ ಸುಲಭವಾಗಿ ಬಾಗುತ್ತದೆ. ಕೊನೆಯ 17 ಎಂಬುದು ಲೋಹದ ರಿಮ್ಮಿನ ವ್ಯಾಸ. ಇದು ಮಾತ್ರ ಅಂಗುಲಗಳಲ್ಲಿ. ಒಂದೇ ಗುರುತಿನಲ್ಲಿ ಎರಡು ಅಳತೆಯ ಪದ್ಧತಿಗಳು ಬೆರೆತಿರುವುದು ವಿಚಿತ್ರವಾಗಿ ತೋರಿದರೂ ಲೋಕವೆಲ್ಲ ಅದಕ್ಕೆ ಒಗ್ಗಿಹೋಗಿದೆ.

ಈ ಅಂಕಿಗಳಿಂದ ಟೈರಿನ ಪೂರ್ಣ ರೂಪವನ್ನು ಲೆಕ್ಕಹಾಕಬಹುದು. 265ರಲ್ಲಿ ನೂರಕ್ಕೆ 70 ಎಂದರೆ 185.5 ಮಿಲಿಮೀಟರು, ಇದು ಪಕ್ಕದ ಗೋಡೆಯ ಎತ್ತರ. 17 ಅಂಗುಲವೆಂದರೆ 431.8 ಮಿಲಿಮೀಟರು. ರಿಮ್ಮಿನ ಮೇಲೊಂದು, ಕೆಳಗೊಂದು ಗೋಡೆಯನ್ನು ಸೇರಿಸಿದರೆ ಒಟ್ಟು ವ್ಯಾಸವು 802.8 ಮಿಲಿಮೀಟರು ಆಗುತ್ತದೆ. ಈಗ 275/55 ಆರ್ 20 ಎಂಬ ಇನ್ನೊಂದು ಟೈರನ್ನು ಪರಿಶೀಲಿಸಬೇಕು. ಇದರ ಗೋಡೆ 151.25 ಮಿಲಿಮೀಟರು, ರಿಮ್ಮು 508 ಮಿಲಿಮೀಟರು, ಒಟ್ಟು ವ್ಯಾಸ 810.5 ಮಿಲಿಮೀಟರು. ಹೊರಗಿನಿಂದ ನೋಡಿದರೆ ಎರಡು ಚಕ್ರಗಳೂ ಹೆಚ್ಚುಕಡಮೆ ಒಂದೇ ಎತ್ತರದವು. ಆದರೆ ಎರಡನೆಯದರಲ್ಲಿ ಲೋಹ ಹೆಚ್ಚಿದೆ. ಬಾಗಬಲ್ಲ ಗೋಡೆ ಮೂರೂವರೆ ಸೆಂಟಿಮೀಟರಿನಷ್ಟು ಕಡಮೆಯಾಗಿದೆ. ಆದಕಾರಣ ಒಂದೇ ಪಿಕಪ್ಪಿಗೆ ಈ ಎರಡನ್ನೂ ತೊಡಿಸಿ ಓಡಿಸಿದಾಗ, ಉಳಿದುದೆಲ್ಲ ಸಮನಾಗಿದ್ದರೆ, 20 ಅಂಗುಲದ ರಿಮ್ಮಿನ ಪ್ರಯಾಣವೇ ಹೆಚ್ಚು ಒರಟಾಗಿರುತ್ತದೆ. ‘ದೊಡ್ಡ ಚಕ್ರ’ ಎಂಬ ಮಾತಿಗೆ ಎರಡು ಅರ್ಥಗಳಿವೆಯೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಒಂದು, ಟೈರು ಸೇರಿದಂತೆ ಇಡೀ ಚಕ್ರದ ವ್ಯಾಸ ಹೆಚ್ಚುವುದು. ಮತ್ತೊಂದು, ಬರಿಯ ರಿಮ್ಮಿನ ವ್ಯಾಸ ಹೆಚ್ಚುವುದು. ಮೊದಲನೆಯದು ಸುಖವನ್ನು ಹೆಚ್ಚಿಸಬಲ್ಲುದು. ಎರಡನೆಯದು ಸಾಮಾನ್ಯವಾಗಿ ಕುಗ್ಗಿಸುತ್ತದೆ.

ಮೊದಲನೆಯ ಮಾತನ್ನು ರೇಖಾಗಣಿತದಿಂದಲೇ ತೋರಿಸಬಹುದು. ರಸ್ತೆಯಲ್ಲಿ 20 ಸೆಂಟಿಮೀಟರು ಅಗಲದ ಒಂದು ಗುಂಡಿಯಿದೆಯೆಂದು ಭಾವಿಸಬೇಕು. ಚಕ್ರವು ಅದರ ಎರಡು ಅಂಚುಗಳ ಮೇಲೂ ಕುಳಿತಾಗ ಎಷ್ಟು ಕೆಳಗಿಳಿಯುವುದೆಂಬುದನ್ನು ಪೈಥಾಗೊರಸನ ಪ್ರಮೇಯದಿಂದ ತಿಳಿಯಬಹುದು. ತ್ರಿಜ್ಯ 30 ಸೆಂಟಿಮೀಟರು ಇರುವ ಚಕ್ರವು ಸುಮಾರು 1.7 ಸೆಂಟಿಮೀಟರು ಇಳಿಯುತ್ತದೆ. ತ್ರಿಜ್ಯ 40 ಇದ್ದರೆ ಇಳಿತ ಸುಮಾರು 1.3 ಸೆಂಟಿಮೀಟರು. ತ್ರಿಜ್ಯ 75 ಸೆಂಟಿಮೀಟರು ಇರುವ ಬಂಡಿಯ ಗಾಲಿಯಾದರೋ 0.7 ಸೆಂಟಿಮೀಟರನ್ನೂ ಮುಟ್ಟುವುದಿಲ್ಲ. ಹಳ್ಳಿಯ ಬಡಗಿಯು ಅನುಭವದಿಂದ ಕಂಡುಕೊಂಡಿದ್ದ ಸತ್ಯವನ್ನು ಗಣಿತವು ಎತ್ತಿಹಿಡಿಯುತ್ತದೆ. 12 ಅಂಗುಲದ ರಿಮ್ಮಿನ ಪುಟ್ಟ ಸರಕು ವಾಹನವು ಗುಂಡಿಬಿದ್ದ ರಸ್ತೆಯಲ್ಲಿ ಹೆಚ್ಚು ಕುಪ್ಪಳಿಸುವುದಕ್ಕೆ ಇದೂ ಒಂದು ಕಾರಣ.

ಕಾಲ ಕಳೆದಂತೆ ಅಮೆರಿಕದ ಪಿಕಪ್ಪುಗಳಲ್ಲಿ ರಿಮ್ಮುಗಳು ದೊಡ್ಡವಾಗುತ್ತ ಬಂದಿವೆ. 1980ರ ದಶಕದಲ್ಲಿ ಹಲವಕ್ಕೆ 235/75 ಆರ್ 15 ಟೈರುಗಳಿದ್ದವು. ಅವುಗಳ ಗೋಡೆಯ ಎತ್ತರ 176 ಮಿಲಿಮೀಟರು. ಈಗ 18, 20 ಅಂಗುಲದ ರಿಮ್ಮುಗಳು ಅಲ್ಲಿ ಸಾಮಾನ್ಯ. ಈ ಬದಲಾವಣೆಗೆ ಕೇವಲ ಚೆಲುವಿನ ಮೋಹವೇ ಕಾರಣವೆನ್ನಲಾಗದು. ರಿಮ್ಮು ದೊಡ್ಡದಾದರೆ ಅದರೊಳಗೆ ದೊಡ್ಡ ಬ್ರೇಕಿನ ತಟ್ಟೆಯನ್ನು ಕೂರಿಸಲು ಎಡೆ ದೊರೆಯುತ್ತದೆ; ಭಾರವಾದ ವಾಹನವನ್ನು ನಿಲ್ಲಿಸಲು ಅದು ಅವಶ್ಯಕ. ಗಿಡ್ಡ ಗೋಡೆಯ ಟೈರು ತಿರುವಿನಲ್ಲಿ ಪಕ್ಕಕ್ಕೆ ಹೆಚ್ಚು ವಾಲದೆ, ಚಾಲಕನು ಚಕ್ರ ತಿರುಗಿಸಿದೊಡನೆ ಮಣಿಯುತ್ತದೆ. ಎತ್ತರದ ಗೋಡೆಯ ಟೈರು ಮೆತ್ತಗೆ. ಆದರೆ ತಿರುವಿನಲ್ಲಿ ಅದರ ಮೈ ಸ್ವಲ್ಪ ಹೊರಳುತ್ತದೆ. ಒಂದು ಗುಣವನ್ನು ಪಡೆಯಲು ಇನ್ನೊಂದನ್ನು ಸ್ವಲ್ಪ ಬಿಟ್ಟುಕೊಡಬೇಕಾಗುತ್ತದೆ. ಯಂತ್ರವಿಜ್ಞಾನದಲ್ಲಿ ಇದು ಎಲ್ಲೆಲ್ಲಿಯೂ ಕಾಣುವ ನಿಯಮ.

ಗಿಡ್ಡ ಗೋಡೆಗೆ ಇನ್ನೊಂದು ದೋಷವುಂಟು. ಆಳವಾದ ಗುಂಡಿಯ ಅಂಚಿಗೆ ವೇಗವಾಗಿ ಬಡಿದಾಗ ಟೈರು ಪೂರ್ತಿಯಾಗಿ ಅಪ್ಪಚ್ಚಿಯಾಗಿ, ರಸ್ತೆಯ ಅಂಚಿಗೂ ರಿಮ್ಮಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಒಳಗಿನ ನೂಲುಗಳು ತುಂಡಾಗಿ ಪಕ್ಕದಲ್ಲಿ ಬಾವಿನಂತಹ ಉಬ್ಬು ಕಾಣಿಸಿಕೊಳ್ಳುತ್ತದೆ. ಕೆಲವು ವೇಳೆ ರಿಮ್ಮೇ ಬಾಗುತ್ತದೆ. ಅಂತಹ ಉಬ್ಬಿರುವ ಟೈರು ಯಾವ ಗಳಿಗೆಯಲ್ಲಾದರೂ ಸಿಡಿಯಬಹುದು. ಆದುದರಿಂದಲೇ ಒರಟು ದಾರಿಗಳಲ್ಲಿ ದುಡಿಯುವ ಪಿಕಪ್ಪುಗಳಿಗೆ 15 ಅಥವಾ 16 ಅಂಗುಲದ ರಿಮ್ಮನ್ನೂ ಎತ್ತರದ ಗೋಡೆಯ ಟೈರನ್ನೂ ತೊಡಿಸುವ ಪದ್ಧತಿ ಭಾರತದಲ್ಲಿ ಇನ್ನೂ ಉಳಿದಿದೆ.

ಗಾತ್ರದೊಡನೆ ತೂಕವನ್ನೂ ಗಮನಿಸಬೇಕು. ಚಕ್ರ, ಟೈರು, ಬ್ರೇಕು, ಅಚ್ಚು ಇವು ಸ್ಪ್ರಿಂಗಿನ ಕೆಳಗಿರುವ ಭಾರ. ಚಾಲಕನೂ ಸರಕೂ ಸೇರಿದ ಉಳಿದ ವಾಹನವು ಸ್ಪ್ರಿಂಗಿನ ಮೇಲಿರುವ ಭಾರ. ಕೆಳಗಿನ ಭಾರ ಹಗುರವಾಗಿದ್ದರೆ ಚಕ್ರವು ಉಬ್ಬನ್ನು ಕಂಡೊಡನೆ ತಾನೊಂದೇ ಮೇಲೆದ್ದು, ಸ್ಪ್ರಿಂಗಿನ ಒತ್ತಿಗೆ ಮಣಿದು ಬೇಗನೆ ನೆಲಕ್ಕೆ ಮರಳುತ್ತದೆ. ಚಕ್ರ ಭಾರವಾಗಿದ್ದರೆ, ಒಮ್ಮೆ ಮೇಲಕ್ಕೆ ಚಿಮ್ಮಿದುದು ತನ್ನ ಜಡತ್ವದಿಂದ ಇನ್ನೂ ಮೇಲೇರಿ ವಾಹನವನ್ನು ಗುದ್ದುತ್ತದೆ, ಕೆಳಗಿಳಿಯಲೂ ತಡಮಾಡುತ್ತದೆ. ಆ ಹೊತ್ತಿನಲ್ಲಿ ಟೈರಿಗೆ ರಸ್ತೆಯ ಹಿಡಿತ ತಪ್ಪುವುದರಿಂದ ಬ್ರೇಕಿನ ಬಲವೂ ಕುಂದುತ್ತದೆ. ದೊಡ್ಡ ರಿಮ್ಮೂ ಅಗಲವಾದ ಟೈರೂ ಸೇರಿದಾಗ ತೂಕ ಹೆಚ್ಚುವುದು ಸಾಮಾನ್ಯ.

ಇಷ್ಟೆಲ್ಲ ಹೇಳಿದ ಮೇಲೂ ಭಾರವನ್ನು ನಿಜವಾಗಿ ಹೊರುವುದು ರಬ್ಬರಲ್ಲ, ಗಾಳಿ. ಒಂದು ಚಕ್ರದ ಮೇಲೆ 500 ಕಿಲೋಗ್ರಾಂ ಭಾರವಿದೆ ಎನ್ನೋಣ. ಟೈರಿನಲ್ಲಿ 35 ಪೌಂಡು ಗಾಳಿಯಿದ್ದರೆ, ಅದು ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಎರಡೂವರೆ ಕಿಲೋಗ್ರಾಂ ಒತ್ತಡಕ್ಕೆ ಸಮ. 500ನ್ನು ಎರಡೂವರೆಯಿಂದ ಭಾಗಿಸಿದರೆ 200 ಚದರ ಸೆಂಟಿಮೀಟರು. ಟೈರು ನೆಲವನ್ನು ಮುಟ್ಟುವ ಸ್ಥಳ ಹೆಚ್ಚುಕಡಮೆ ಇಷ್ಟೇ. ಪಠ್ಯಪುಸ್ತಕದ ಒಂದು ಪುಟಕ್ಕಿಂತಲೂ ಕಿರಿದಾದ ಇಂತಹ ನಾಲ್ಕು ತುಣುಕುಗಳ ಮೇಲೆ ಎರಡು ಸಾವಿರ ಕಿಲೋಗ್ರಾಂ ತೂಕದ ವಾಹನವು ಓಡುತ್ತದೆ, ತಿರುಗುತ್ತದೆ, ನಿಲ್ಲುತ್ತದೆ! ಗಾಳಿ ಮಿತಿಮೀರಿದರೆ ಟೈರು ಬಿಗಿದ ಚೆಂಡಿನಂತೆ ಪುಟಿಯುತ್ತದೆ. ಪ್ರತಿಯೊಂದು ಕಲ್ಲಿನ ಪೆಟ್ಟೂ ಮೈಗೆ ತಾಗುತ್ತದೆ. ಗಾಳಿ ತಗ್ಗಿದರೆ ಪ್ರಯಾಣವೇನೋ ಮೆತ್ತಗಾಗುತ್ತದೆ. ಆದರೆ ಆ ಸುಖ ಮೋಸದ ಸುಖ. ಪ್ರತಿ ಸುತ್ತಿನಲ್ಲಿಯೂ ಪಕ್ಕದ ಗೋಡೆ ಅತಿಯಾಗಿ ಬಾಗಿ, ತಂತಿಯನ್ನು ಮತ್ತೆ ಮತ್ತೆ ಮಡಿಸಿದಾಗ ಬಿಸಿಯೇರುವಂತೆ ಟೈರು ಕಾಯುತ್ತದೆ. ಕಾದ ರಬ್ಬರು ತನ್ನ ಬಲವನ್ನು ಕಳೆದುಕೊಳ್ಳುತ್ತದೆ.

ಇದರ ಪರಿಣಾಮ ಎಷ್ಟು ಘೋರವಾಗಬಲ್ಲುದೆಂಬುದನ್ನು ಅಮೆರಿಕವು 2000ದಲ್ಲಿ ಕಂಡಿತು. ಆ ವರ್ಷದ ಆಗಸ್ಟ್ ತಿಂಗಳಿನಲ್ಲಿ, ಪಿಕಪ್ಪುಗಳಿಗೂ ಅದೇ ಬಗೆಯ ಚೌಕಟ್ಟಿನ ಇತರ ವಾಹನಗಳಿಗೂ ತೊಡಿಸಿದ್ದ 65 ಲಕ್ಷ ಟೈರುಗಳನ್ನು ಹಿಂದಕ್ಕೆ ಪಡೆಯಲಾಯಿತು. ಓಡುತ್ತಿರುವಾಗಲೇ ಟೈರಿನ ಮೇಲ್ಪದರವು ಕಿತ್ತುಬಂದು ವಾಹನಗಳು ಉರುಳಿ, ಅನೇಕರು ಪ್ರಾಣ ಕಳೆದುಕೊಂಡಿದ್ದರು. ಟೈರಿನ ರಚನೆಯ ದೋಷದೊಡನೆ, ಬೇಸಗೆಯ ಬಿಸಿ, ವೇಗ, ಹೊರೆ ಮತ್ತು ಗಾಳಿಯ ಕೊರತೆ ಇವುಗಳ ಪಾತ್ರವೂ ಚರ್ಚೆಗೆ ಬಂದಿತು. ಆ ದುರಂತದ ಫಲವಾಗಿ, ಟೈರಿನಲ್ಲಿ ಗಾಳಿ ಕಡಮೆಯಾದೊಡನೆ ಚಾಲಕನಿಗೆ ಎಚ್ಚರಿಕೆ ನೀಡುವ ಸಾಧನವನ್ನು ಹೊಸ ವಾಹನಗಳಲ್ಲಿ ಕಡ್ಡಾಯಗೊಳಿಸುವ ಕಾನೂನು ಅಲ್ಲಿ ಜಾರಿಗೆ ಬಂದಿತು.

ಪಿಕಪ್ಪಿನ ವಿಶೇಷ ಸಮಸ್ಯೆ ಹೊರೆಗೆ ಸಂಬಂಧಿಸಿದ್ದು. ತುಂಬಿದ ಹೊರೆಯನ್ನು ತಾಳಲೆಂದು ಅದರ ಹಿಂದಿನ ಕಮಾನುಪಟ್ಟಿಗಳನ್ನು ಬಿಗಿಯಾಗಿ ಮಾಡಿರುತ್ತಾರೆ. ಹಿಂದಿನ ಸ್ಪ್ರಿಂಗುಗಳ ಮೇಲಿನ ಭಾರವು ಖಾಲಿಯಿದ್ದಾಗ 600 ಕಿಲೋಗ್ರಾಂ, ತುಂಬಿದಾಗ 1,350 ಕಿಲೋಗ್ರಾಂ ಎಂದು ಭಾವಿಸಿದರೆ, ಭಾರವು 2.25 ಪಟ್ಟು ಹೆಚ್ಚಿದಂತಾಯಿತು. ಸ್ಪ್ರಿಂಗಿನ ಏರಿಳಿತದ ಆವರ್ತವು ಭಾರದ ವರ್ಗಮೂಲಕ್ಕೆ ವಿಲೋಮವಾಗಿರುತ್ತದೆ. 2.25ರ ವರ್ಗಮೂಲ 1.5. ಆದುದರಿಂದ ತುಂಬಿದಾಗ ಸೆಕೆಂಡಿಗೆ ಒಂದೂವರೆ ಸಲ ತೂಗುವ ವಾಹನವು ಖಾಲಿಯಿದ್ದಾಗ 2.25 ಸಲ ಕುಲುಕುತ್ತದೆ. ಹೊರೆ ಇಳಿಸಿ ಮರಳುವ ಪಿಕಪ್ಪು ಕುದುರೆಯಂತೆ ನೆಗೆಯುವ ಗುಟ್ಟು ಇದೇ. ಭಾರಿ ಹೊರೆಗೆಂದೇ ತಯಾರಾದ, ಹೆಚ್ಚು ಪದರಗಳ ಟೈರುಗಳು ಗಡುಸಾಗಿರುವುದರಿಂದ ಈ ಕುಲುಕಾಟವನ್ನು ಇನ್ನಷ್ಟು ಹೆಚ್ಚಿಸುತ್ತವೆ. ಹಾಗೆಂದು ಸುಖದ ಆಸೆಗೆ ಮೆತ್ತನೆಯ ಕಾರಿನ ಟೈರನ್ನು ತೊಡಿಸಿ ಪೂರ್ಣ ಹೊರೆ ಹೇರುವುದು ಅಪಾಯ. ಟೈರಿನ ಮೇಲಿರುವ ಭಾರಸೂಚಕ ಅಂಕಿಯನ್ನು ನೋಡಿಯೇ ಆರಿಸಬೇಕು. 112 ಎಂಬ ಸೂಚಕವಿದ್ದರೆ ಅದು ಹೊರಬಹುದಾದ ಗರಿಷ್ಠ ಭಾರ 1,120 ಕಿಲೋಗ್ರಾಂ ಎಂದರ್ಥ.

ಪ್ರಯಾಣದ ಸುಖವೆಂಬುದು ಕೇವಲ ವಿಲಾಸದ ಮಾತೆಂದು ಭಾವಿಸುವುದು ತಪ್ಪು. ಸೆಕೆಂಡಿಗೆ 4ರಿಂದ 8 ಸಲದ ಮೇಲುಕೆಳಗಿನ ಕಂಪನಕ್ಕೆ ಮನುಷ್ಯನ ದೇಹವು ಅತಿಹೆಚ್ಚಾಗಿ ಸ್ಪಂದಿಸುತ್ತದೆ. ವರ್ಷಗಟ್ಟಲೆ ಇಂತಹ ಕಂಪನವನ್ನು ಸಹಿಸುವ ಚಾಲಕರಿಗೆ ಸೊಂಟದ ನೋವು ಬರುವುದುಂಟು. ಸರಕಿನ ಗತಿಯೂ ಹಾಗೆಯೇ. ಮಾಗಿದ ಟೊಮೇಟೊ ಹಣ್ಣುಗಳು ದಾರಿಯುದ್ದಕ್ಕೂ ಒಂದನ್ನೊಂದು ಉಜ್ಜಿ, ಬುಟ್ಟಿಯ ಅಂಚಿಗೆ ಬಡಿದು ಜಜ್ಜಿಹೋಗುತ್ತವೆ. ರೈತನು ತಿಂಗಳುಗಟ್ಟಲೆ ದುಡಿದು ಬೆಳೆದುದು ಮಾರುಕಟ್ಟೆಯ ಬಾಗಿಲಲ್ಲಿ ಬೆಲೆ ಕಳೆದುಕೊಳ್ಳುತ್ತದೆ. ಟೈರಿನ ಗೋಡೆಯ ಮೂರು ಸೆಂಟಿಮೀಟರಿಗೆ ಇಷ್ಟೊಂದು ಬೆಲೆಯುಂಟು.

ವಾಹನಕ್ಕೆ ನಿಗದಿಯಾದ ಗಾತ್ರವನ್ನು ಬಿಟ್ಟು ಬೇರೆ ಚಕ್ರಗಳನ್ನು ತೊಡಿಸುವವರು ಮತ್ತೆ ಕೆಲವು ವಿಷಯಗಳನ್ನು ತಿಳಿದಿರಬೇಕು. ವೇಗಮಾಪಕವು ಚಕ್ರದ ಸುತ್ತುಗಳನ್ನು ಎಣಿಸಿ ವೇಗವನ್ನು ತೋರಿಸುತ್ತದೆ. ಚಕ್ರದ ಒಟ್ಟು ವ್ಯಾಸವು ನೂರಕ್ಕೆ 5ರಷ್ಟು ಹೆಚ್ಚಿದರೆ, ಮಾಪಕವು ಗಂಟೆಗೆ 60 ಕಿಲೋಮೀಟರು ಎಂದು ತೋರಿಸುವಾಗ ವಾಹನವು ಮೊದಲಿಗಿಂತ ಹೆಚ್ಚಾಗಿ, 63 ಕಿಲೋಮೀಟರು ವೇಗದಲ್ಲಿ ಓಡುತ್ತಿರಬಹುದು. ಅತಿ ದೊಡ್ಡ ಟೈರು ತಿರುವಿನಲ್ಲಿ ಮಡ್‌ಗಾರ್ಡಿಗೆ ಉಜ್ಜಬಹುದು. ವಾಹನದ ಎತ್ತರ ಹೆಚ್ಚಿ ಗುರುತ್ವಕೇಂದ್ರವು ಮೇಲೇರುವುದರಿಂದ ಅದು ಉರುಳುವ ಭಯವೂ ಹೆಚ್ಚುತ್ತದೆ.

ಆದುದರಿಂದ ತಯಾರಕರು ಸೂಚಿಸಿದ ಗಾತ್ರಕ್ಕೆ ಬದ್ಧವಾಗಿರುವುದು, ಹಲವು ಗಾತ್ರಗಳಿಗೆ ಅವಕಾಶವಿದ್ದಾಗ ಒರಟು ದಾರಿಗೆ ಚಿಕ್ಕ ರಿಮ್ಮಿನ, ಎತ್ತರದ ಗೋಡೆಯ ಟೈರನ್ನು ಆರಿಸುವುದು ಯೋಗ್ಯ. ಟೈರು ತಣ್ಣಗಿರುವಾಗಲೇ ಗಾಳಿಯನ್ನು ಅಳೆಯಬೇಕು. ಖಾಲಿ ವಾಹನಕ್ಕೆಷ್ಟು, ತುಂಬಿದ ವಾಹನಕ್ಕೆಷ್ಟು ಎಂಬ ಸೂಚನೆಯನ್ನು ಅನೇಕ ವಾಹನಗಳಲ್ಲಿ ಚಾಲಕನ ಬಾಗಿಲ ಬಳಿಯ ಫಲಕದಲ್ಲಿ ಬರೆದಿರುತ್ತಾರೆ. ಬಂಡಿಯ ಅಂದವು ನೋಡುವವರ ಕಣ್ಣಿಗೆ. ಅದರ ಹದವು ಅದರಲ್ಲಿ ಕುಳಿತವರ ಬೆನ್ನಿಗೆ. ಕಣ್ಣಿಗೆ ಕಾಣದ ಗಾಳಿಯು ಹದವಾಗಿದ್ದು, ಅದಕ್ಕೆ ತಕ್ಕ ಮನೆಯನ್ನು ಗಾಲಿಯು ಒದಗಿಸಿದಾಗ ದಾರಿ ಒರಟಾಗಿದ್ದರೂ ಪ್ರಯಾಣವು ಸುಗಮವಾಗುತ್ತದೆ.

ಅಭ್ಯಾಸ

1. ಎತ್ತಿನ ಬಂಡಿಯ ಗಾಲಿಯನ್ನು ದೊಡ್ಡದಾಗಿ ಮಾಡುವುದರ ಉದ್ದೇಶವೇನು?
2. 215/75 ಆರ್ 15 ಎಂಬ ಗುರುತಿನ ಟೈರಿನ ಪಕ್ಕದ ಗೋಡೆಯ ಎತ್ತರವನ್ನೂ ಚಕ್ರದ ಒಟ್ಟು ವ್ಯಾಸವನ್ನೂ ಲೆಕ್ಕಹಾಕಿರಿ.
3. ಗಾಳಿ ಕಡಮೆಯಿರುವ ಟೈರಿನ ಸುಖವನ್ನು ‘ಮೋಸದ ಸುಖ’ ಎಂದು ಕರೆದಿರುವುದೇಕೆ?
4. ಖಾಲಿ ಪಿಕಪ್ಪು ತುಂಬಿದ ಪಿಕಪ್ಪಿಗಿಂತ ಹೆಚ್ಚು ಕುಲುಕುವುದಕ್ಕೆ ಕಾರಣವನ್ನು ವಿವರಿಸಿರಿ.
5. ‘ಪ್ರಯಾಣದ ಸುಖವೆಂಬುದು ಕೇವಲ ವಿಲಾಸದ ಮಾತಲ್ಲ’ — ಈ ಮಾತನ್ನು ಪಾಠದ ಆಧಾರದಿಂದ ಸಮರ್ಥಿಸಿರಿ.